ನಮ್ಮತ್ತೆ ಓಟು ಹಿಂದಕ್ಕೆ ಪಡೆದದ್ದು

ಅರಸೀಕೆರೆಯ ನಮ್ಮ ಮನೆಯಲ್ಲಿ ಆ ಕಾಲಕ್ಕೆ ಬಾಯಿ ಇದ್ದವರು ನಾಲ್ಕು ಜನ, ಓಟು ಇದ್ದದ್ದು ಒಬ್ಬರಿಗೆ. ಆ ಒಬ್ಬರು ನಮ್ಮತ್ತೆ. ನಮ್ಮ ಯಜಮಾನರು ರೈಲಿನಲ್ಲಿ ಬಂದಿಳಿದವರ ಹತ್ತಿರ ಓದಿ ಬಿಟ್ಟ ಪತ್ರಿಕೆ ಕೇಳಿ ತಂದು, ಸಾಯಂಕಾಲ ಜಗುಲಿಯ ಮೇಲೆ ಕೂತು ಪ್ರಜೆಗಳ ಹಕ್ಕಿನ ಬಗ್ಗೆ ಭಾಷಣ ಮಾಡುತ್ತಿದ್ದರು. ಮೈದುನ ಕಂಬಕ್ಕೆ ಒರಗಿ ಹೌದೌದು ಅನ್ನುತ್ತಿದ್ದ. ಇಬ್ಬರಿಗೂ ಓಟಿರಲಿಲ್ಲ. ಮಹಾರಾಜರ ಕಾಲ ಅದು, ಮುನಿಸಿಪಾಲಿಟಿ ಓಟು ಮನೆ ಕಂದಾಯ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ. ನಮ್ಮ ಮನೆ ಅತ್ತೆಯ ಹೆಸರಿನಲ್ಲಿತ್ತು.

ಅದು ಹೀಗಾದದ್ದಕ್ಕೆ ಕಾರಣ ಹಾರನಹಳ್ಳಿಯ ಒಬ್ಬ ಜೋಯಿಸರು. ನಮ್ಮ ಮಾವನವರು ಊರು ಬಿಟ್ಟು ಅರಸೀಕೆರೆಗೆ ಬಂದು ಮನೆ ಕೊಳ್ಳುವಾಗ, ‘ನಿಮ್ಮ ಜಾತಕಕ್ಕೆ ಸ್ಥಿರಾಸ್ತಿ ಆಗಿಬರೋದಿಲ್ಲ, ಹೆಂಡತಿ ಹೆಸರಿಗೆ ಮಾಡಿ’ ಎಂದು ಅವರು ಹೇಳಿದರಂತೆ. ಮಾವ ಹಾಗೇ ಮಾಡಿದರು, ನಾನು ಸೊಸೆಯಾಗಿ ಬಂದ ಕೆಲವು ವರ್ಷಕ್ಕೆ ತೀರಿಕೊಂಡರು. ಹೆಂಗಸರಿಗೆ ಓಟು ಕೊಟ್ಟವರು ಯಾರು ಎಂದು ಕೇಳಿದರೆ ಓದಿದವರು ಸರ್ಕಾರ ಎನ್ನುತ್ತಾರೆ. ನಮ್ಮ ಮನೆಯ ಮಟ್ಟಿಗೆ ಕೊಟ್ಟವರು ಆ ಜೋಯಿಸರು.

ಮಾವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಗಂಡನ ಹೆಸರು ಹೆಂಡತಿ ಹೇಳಬಾರದು, ಮಾವನ ಹೆಸರು ಸೊಸೆ ಹೇಳಬಾರದು. ನನಗೆ ಈಗ ತಲೆ ನೆರೆತಿದೆ, ಆ ನಂಬಿಕೆಯೂ ಅರ್ಧ ನೆರೆತಿದೆ. ಆದರೂ ಕೈ ಬರುವುದಿಲ್ಲ. ಇಷ್ಟು ಹೇಳಬಹುದು: ಅದು ನಮ್ಮ ಸೀಮೆಯಲ್ಲಿ ಮೂರು ಮನೆಗೆ ಒಬ್ಬರಿಗೆ ಇರುವ ಹೆಸರು, ಒಬ್ಬ ದೇವರ ಹೆಸರು. ನಮ್ಮತ್ತೆ ಆ ದೇವರ ಗುಡಿಗೆ ಹೋದಾಗಲೂ ‘ನಮ್ಮನೆಯವರ ಹೆಸರಿನ ಸ್ವಾಮಿ, ಕಾಪಾಡಪ್ಪ’ ಎಂದೇ ಕೈಮುಗಿಯುತ್ತಿದ್ದರು. ದೇವರಿಗೆ ತಾನು ಯಾರ ಹೆಸರಿನವನು ಎಂದು ಆಶ್ಚರ್ಯವಾಗಿದ್ದಿರಬೇಕು.

ನಾನು ಒಂದು ಸಲ ಧೈರ್ಯ ಮಾಡಿ, “ಹೆಸರು ಹೇಳಿದರೆ ಗಂಡನ ಆಯಸ್ಸು ಕಮ್ಮಿ ಆಗುತ್ತೆ ಅಂತ ತಾನೇ ಹೇಳೋದಿಲ್ಲ? ಈಗ ಮಾವನವರು ಇಲ್ಲವಲ್ಲ ಅತ್ತೆಮ್ಮ” ಎಂದೆ.

“ಅಲ್ಲಿ ಯಾವ ಆಯಸ್ಸು ನಡೀತಾ ಐತೋ ಯಾರು ಕಂಡವ್ರೆ?” ಅಂದರು. “ಇಲ್ಲಿ ನಾನು ಬಾಯಿ ಬಿಟ್ಟು, ಅಲ್ಲಿ ಅವರು ಎಡವಿ ಬಿದ್ರೆ?”

ಇದಕ್ಕೆ ಉತ್ತರ ಯಾವ ಶಾಲೆಯಲ್ಲಿಯೂ ಹೇಳಿಕೊಡುವುದಿಲ್ಲ. ನಾನು ಬೇಲೂರಿನಲ್ಲಿ ಮಿಡ್ಲ್ ಸ್ಕೂಲಿನವರೆಗೆ ಓದಿದವಳು. ಆ ಓದಿನ ಬಗ್ಗೆ ನನಗಿದ್ದ ಜಂಬಕ್ಕೂ ನಮ್ಮತ್ತೆಗಿದ್ದ ತಾತ್ಸಾರಕ್ಕೂ ಸರಿಹೋಗಿತ್ತು. ನಮ್ಮ ಬೀದಿಯ ತುದಿಯ ಬಾವಿಯಿಂದ ನೀರು ತರಬೇಕು. ಬಿಂದಿಗೆ ಸೊಂಟಕ್ಕೇರಿಸಿ ಎರಡು ಹೆಜ್ಜೆ ಹಾಕಿದರೆ ನಾನು ಬಾಗುತ್ತಿದ್ದೆ. “ಬೇಲೂರಿಂದ ಸೊಸೆ ತರ್ತೀವಿ ಅಂತ ಹೋಗಿ ಶಿಲಾಬಾಲಿಕೆ ತಂದ್ರು. ನೋಡಕ್ಕೆ ನಿಲ್ಸಬೇಕು, ನೀರು ಹೊರ್ಸಂಗಿಲ್ಲ” ಎಂದು ಬಾವಿಕಟ್ಟೆಯಲ್ಲೇ ಎಲ್ಲರೆದುರು ಹೇಳುತ್ತಿದ್ದರು. ಅವರ ಮಾತಿಗೆ ಬಾವಿಕಟ್ಟೆ ನಗುತ್ತಿತ್ತು. ನನಗೆ ಮೈ ಉರಿಯುತ್ತಿತ್ತು.

ನೀರು ನಮ್ಮೂರಿನ ದೊಡ್ಡ ಸಂಕಟ. ಜಂಕ್ಷನ್ನಿನಲ್ಲಿ ರೈಲು ಎಂಜಿನ್ನುಗಳು ಬಾಯಿ ಎತ್ತಿ ನಿಂತರೆ ಆನೆಸೊಂಡಿಲಿನಂಥ ಪೈಪಿನಿಂದ ದಬದಬ ನೀರು ಬೀಳುತ್ತಿತ್ತು. ಎಂಜಿನ್ನಿಗೆ ಇರುವ ಯೋಗ್ಯತೆ ಮನುಷ್ಯರಿಗೆ ಇರಲಿಲ್ಲ. ಬೇಸಗೆಯಲ್ಲಿ ನಾವು ಬಾವಿಯ ತಳದ ಕೆಸರಿನ ಜೊತೆ ಜಗಳವಾಡಿ ನೀರು ತರುತ್ತಿದ್ದೆವು.

ಹೀಗಿರುವಾಗ ಚುನಾವಣೆ ಬಂತು. ನಮ್ಮ ವಾರ್ಡಿಗೆ ನಿಂತವರು ಇಬ್ಬರು. ಒಬ್ಬರು ಕೊಬ್ಬರಿ ಮಂಡಿಯ ಯಜಮಾನರು. ಹಿಂದಿನ ಸಲವೂ ಕೌನ್ಸಿಲರ್ ಆಗಿದ್ದವರು. ಅವರು ರಸ್ತೆಯಲ್ಲಿ ಬಂದರೆ ಜನ ಎದ್ದು ನಿಲ್ಲುತ್ತಿದ್ದರು, ಅವರ ಹೆಸರನ್ನು ಯಾರೂ ಬರಿದೇ ಹೇಳುತ್ತಿರಲಿಲ್ಲ, ‘ಯಜಮಾನರು’ ಅಂದರೆ ಅವರೇ. ಇನ್ನೊಬ್ಬ ಸ್ಟೇಷನ್ನಿನ ಹತ್ತಿರ ಗೋಲಿ ಸೋಡಾ ಮಾಡಿ ಮಾರುವವನು. ದಿನ ಬೆಳಗಾದರೆ ನೀರು ಹುಡುಕುವುದೇ ಅವನ ಕಸುಬು, ಹಾಗಾಗಿ ‘ನನ್ನನ್ನು ಆರಿಸಿದರೆ ಬೀದಿ ಬೀದಿಗೆ ನಲ್ಲಿ ಹಾಕಿಸ್ತೀನಿ’ ಎಂದು ಹೇಳಿಕೊಂಡು ತಿರುಗಿದ. ನಮ್ಮತ್ತೆಗೆ ಆ ಮಾತು ನಾಟಿತು. ಓಟು ಸೋಡಾದವನಿಗೇ ಎಂದು ನಿಶ್ಚಯವಾಯಿತು. ಇದ್ದ ತೊಡಕು ಒಂದೇ. ಸೋಡಾದವನ ಹೆಸರೂ ನಮ್ಮ ಮಾವನ ಹೆಸರೂ ಒಂದೇ.

ಆಗ ಓಟು ಹಾಕುವ ಕ್ರಮ ಹೀಗಿತ್ತು. ಓದು ಬಂದವರಿಗೆ ಇಬ್ಬರ ಹೆಸರು ಅಚ್ಚಾದ ಚೀಟಿಯನ್ನೂ ಒಂದು ಪೆನ್ಸಿಲನ್ನೂ ಕೊಟ್ಟು, ಕೋಣೆಯ ಮೂಲೆಗೆ ಕಟ್ಟಿದ ಜಮಖಾನದ ಮರೆಗೆ ಕಳಿಸುತ್ತಿದ್ದರು. ಬೇಕಾದವರ ಹೆಸರಿನ ಮುಂದೆ ಗುರುತು ಹಾಕಿ ಪೆಟ್ಟಿಗೆಗೆ ಬಿಡಬೇಕು. ಓದು ಬಾರದವರು ಮೇಜಿನ ಮುಂದೆ ನಿಂತು ಅಧಿಕಾರಿಗೆ ಚೀಟಿಯಲ್ಲಿರುವ ಹೆಸರನ್ನೇ ಹೇಳಬೇಕು, ಸೋಡಾದವನು, ಮಂಡಿಯವರು ಅಂದರೆ ನಡೆಯುವುದಿಲ್ಲ; ಗುರುತು ಅವರು ಹಾಕುತ್ತಾರೆ. ಪಕ್ಕದಲ್ಲಿ ಎರಡೂ ಕಡೆಯ ಏಜೆಂಟರು ಕಿವಿ ನಿಮಿರಿಸಿಕೊಂಡು ಕೂತಿರುತ್ತಾರೆ.

ಓಟು ನಡೆದದ್ದು ಗಂಡುಮಕ್ಕಳ ಶಾಲೆಯಲ್ಲಿ. ಹೆಂಗಸರ ಸಾಲಿನಲ್ಲಿ ಇದ್ದವರು ಬೆರಳೆಣಿಕೆ, ಹೆಚ್ಚಿನವರು ಗಂಡ ಸತ್ತವರು. ಹೆಂಗಸು ಪ್ರಜೆಯಾಗಬೇಕಾದರೆ ಮೊದಲು ಮನೆಯಲ್ಲಿ ಒಂದು ಹೆಣ ಬೀಳಬೇಕಿತ್ತು. ನಾನು ಅತ್ತೆಯನ್ನು ಕರೆತಂದವಳು ಎಂದು ಬಾಗಿಲ ಹೊರಗೆ ನಿಂತು ಎಲ್ಲವನ್ನೂ ನೋಡಿದೆ.

ಅಧಿಕಾರಿ ಬೇರೆ ಊರಿನವರು, ಒಳ್ಳೆಯ ಮನುಷ್ಯರು. “ಯಾರಿಗಮ್ಮ ನಿಮ್ಮ ಓಟು?” ಎಂದರು. ಅತ್ತೆ ಸುಮ್ಮನೆ ನಿಂತರು. ಮನೆಗೆ ಬಂದ ಪೋಸ್ಟಿನವನು ಗಂಡನ ಹೆಸರು ಕೇಳಿದರೆ ಪಕ್ಕದಲ್ಲಿದ್ದವರು ಯಾರಾದರೂ ಹೇಳುವ ತನಕ ಸುಮ್ಮನಿರುವುದು ಅವರ ಅಭ್ಯಾಸ. ಇಲ್ಲಿಯೂ ಯಾರಾದರೂ ಹೇಳುತ್ತಾರೆಂದು ಕಾದರು. ಅಧಿಕಾರಿ ತಾವೇ ಪಟ್ಟಿ ನೋಡಿ ಮೊದಲ ಹೆಸರು, ಅಂದರೆ ಮಂಡಿ ಯಜಮಾನರ ಹೆಸರು ಓದಿದರು. ಅತ್ತೆ ಕದಲಲಿಲ್ಲ. ಎರಡನೆಯ ಹೆಸರು ಓದಿದರು. ಅಷ್ಟು ಗಂಡಸರ ಮುಂದೆ, ಗಟ್ಟಿಯಾಗಿ, ತಮ್ಮ ಗಂಡನ ಹೆಸರು! ನಮ್ಮತ್ತೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಗೋಡೆಯ ಕಡೆಗೆ ತಿರುಗಿಬಿಟ್ಟರು.

ಅಧಿಕಾರಿ ಅದನ್ನು ಬೇಡ ಎಂದು ತಿಳಿದರು. ಮತ್ತೆ ಮೊದಲ ಹೆಸರು ಓದಿದರು. ಅತ್ತೆ ಗೋಡೆ ನೋಡುತ್ತ ನಿಂತೇ ಇದ್ದರು. “ಮೌನಂ ಸಮ್ಮತಿ ಲಕ್ಷಣಂ” ಎಂದು ಅಧಿಕಾರಿ ನಕ್ಕರು. ಹೆಣ್ಣು ನೋಡಲು ಹೋದ ಕಡೆ ಹುಡುಗಿ ತಲೆ ತಗ್ಗಿಸಿ ಸುಮ್ಮನಿದ್ದರೆ ಒಪ್ಪಿದಳು ಎನ್ನುತ್ತೇವಲ್ಲ, ಆ ಲೆಕ್ಕದಲ್ಲಿ ಚೀಟಿಗೆ ಗುರುತು ಹಾಕಿ, ಮಡಿಸಿ, ಪೆಟ್ಟಿಗೆಗೆ ಹಾಕಿದರು. ನಮ್ಮತ್ತೆಯ ಓಟನ್ನು ಅವರ ಬೆನ್ನ ಹಿಂದೆಯೇ ಮಂಡಿ ಯಜಮಾನರಿಗೆ ಧಾರೆ ಎರೆದುಕೊಟ್ಟಿದ್ದಾಯಿತು.

ಮಂಡಿ ಯಜಮಾನರು ಗೆದ್ದರು. ಎಷ್ಟು ಓಟಿನಿಂದ ಗೆದ್ದರು ಎಂದು ನಮ್ಮ ಮನೆಯವರು ಹೇಳಲು ಬಂದರೆ ಅತ್ತೆ ಕೇಳಿಸಿಕೊಳ್ಳಲಿಲ್ಲ. ತಮ್ಮದೊಂದರಿಂದಲೇ ಗೆದ್ದದ್ದು ಎಂದು ಅವರು ನಂಬಿದ್ದರು. ಅದೂ ತಡೆದುಕೊಳ್ಳಬಹುದಿತ್ತು. ಮಾರನೆಯ ದಿನ ಮಂಡಿಯ ಗುಮಾಸ್ತೆ, ಅಂದರೆ ಓಟಿನ ದಿನ ಏಜೆಂಟನಾಗಿ ಕೂತಿದ್ದವನೇ, ಒಂದು ತಟ್ಟೆ ಹಿಡಿದುಕೊಂಡು ಬಂದ. ಅದರಲ್ಲಿ ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ. “ಅಮ್ಮಾವ್ರು ಓಟು ಕೊಟ್ಟಿದ್ದಕ್ಕೆ ಯಜಮಾನರು ಕಳಿಸವ್ರೆ” ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ, ತಟ್ಟೆ ಇಟ್ಟು ಹೋದ.

ನಮ್ಮತ್ತೆ ಅಳುವುದನ್ನು ಅಲ್ಲಿಯವರೆಗೆ ನಾನು ಕಂಡದ್ದು ಮಾವ ಹೋದಾಗ ಒಮ್ಮೆ, ಆ ತಟ್ಟೆಯ ಮುಂದೆ ಇನ್ನೊಮ್ಮೆ.

ಆಮೇಲೆ ನಲ್ಲಿ ಬಂತು. ಇಡೀ ವಾರ್ಡಿಗೆ ಒಂದೇ ನಲ್ಲಿ, ಮಂಡಿಯ ಬಾಗಿಲಿನ ಎದುರಿಗೆ. ಮಂಡಿಯ ಎತ್ತುಗಳು ಕುಡಿದು, ಗಾಡಿಗಳನ್ನು ತೊಳೆದು, ಉಳಿದದ್ದು ಜನಕ್ಕೆ. ನಮ್ಮತ್ತೆ ಅಲ್ಲಿಗೆ ಒಂದು ದಿನವೂ ಹೋಗಲಿಲ್ಲ. ಅದರ ಮುಂದೆಯೇ ಹಾದು ಬಾವಿಗೆ ಹೋಗುತ್ತಿದ್ದರು. ಹಾದುಹೋಗುವಾಗ ಒಂದು ಸಲ ನಲ್ಲಿಯ ಕಡೆ ನೋಡಿ, “ಸುರೀತಾ ಐತೆ ನೋಡು ನನ್ನ ಓಟು” ಅನ್ನುತ್ತಿದ್ದರು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ದಿನವೂ ಇದೇ ಮಾತು.

ಮುಂದಿನ ಚುನಾವಣೆಗೆ ಏಳೆಂಟು ತಿಂಗಳಿರಬೇಕು. ಒಂದು ಮಧ್ಯಾಹ್ನ ನಾನು ಅಟ್ಟದ ಮೇಲೆ ಇದ್ದೆ. ನಮ್ಮ ಕಡೆ ಕೊಬ್ಬರಿಗೆ ಹಾಕಿದ ಕಾಯನ್ನು ವರ್ಷಗಟ್ಟಲೆ ಅಟ್ಟದಲ್ಲಿ ಬಿಟ್ಟಿರುತ್ತಾರೆ. ಒಳಗೆ ನೀರು ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ನಾನು ಹಾಗೆ ಒಂದೊಂದೇ ಕಾಯಿ ನೋಡುತ್ತಿದ್ದಾಗ ಅತ್ತೆ ಏಣಿ ಹತ್ತಿ ಬಂದರು. ಏಣಿಯ ಕೊನೆಯ ಮೆಟ್ಟಿಲಲ್ಲೇ ನಿಂತು, ನನ್ನ ಮುಖ ನೋಡದೆ ಹೇಳಿದರು.

“ನಂಗೆ ಓದು ಹೇಳ್ಕೊಡು.”

ನನ್ನ ಕೈಯಲ್ಲಿದ್ದ ಕಾಯಿ ಜಾರಿತು.

“ನಗಬ್ಯಾಡ. ಓದು ಬಂದ್ರೆ ಬಾಯಿ ಬಿಡಬೇಕಾಗಿಲ್ವಂತೆ. ಮರೆಗೆ ಹೋಗಿ ಗೀಟು ಎಳೆದು ಬರಬೌದಂತೆ. ನನ್ನ ಓಟು ನಂಗೆ ವಾಪಸ್ ಬೇಕು ಕಣೇ.”

“ನಿಮ್ಮ ಮಗನಿಗೆ ಹೇಳಿದರೆ ಅವರೇ ಕಲಿಸ್ತಾರಲ್ಲ” ಎಂದೆ.

“ಗಂಡುಮಕ್ಕಳಿಗೆ ಹೇಳಿದ್ರೆ ಸ್ಟೇಷನ್ ಗಂಟೆ ಹೊಡೆದಂಗೆ. ನೀನು ಹೇಳ್ಕೊಡು. ಮನೇಲಿ ಯಾರಿಗೂ ಗೊತ್ತಾಗಬಾರ್ದು.”

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅದು ವಿದ್ಯಾದಾನದ ಸಂತೋಷವಲ್ಲ. ನನ್ನ ರೊಟ್ಟಿಯನ್ನು, ನಡಿಗೆಯನ್ನು, ಸೊಂಟವನ್ನು ಬಾವಿಕಟ್ಟೆಯಲ್ಲಿ ಹರಾಜು ಹಾಕಿದ ಹೆಂಗಸು ನನ್ನ ಮುಂದೆ ಸ್ಲೇಟು ಹಿಡಿದು ಕೂರುತ್ತಾಳೆ ಎಂಬ ಸಂತೋಷ. ನನ್ನ ಪೆಟ್ಟಿಗೆಯಿಂದ ಬೇಲೂರಿನ ಹಳೆಯ ಸ್ಲೇಟು ಹೊರಗೆ ಬಂತು. ಗಂಡಸರು ಊಟ ಮುಗಿಸಿ ಹೊರಟ ಮೇಲೆ ಅಟ್ಟದಲ್ಲಿ, ಕಾಯಿಗಳ ನಡುವೆ, ಶಾಲೆ ಶುರುವಾಯಿತು.

ಅವರು ಒಳ್ಳೆಯ ವಿದ್ಯಾರ್ಥಿಯಲ್ಲ, ಮರ್ಯಾದೆಯ ವಿದ್ಯಾರ್ಥಿಯೂ ಅಲ್ಲ. ‘ಠ’ ಬರೆದು ತೋರಿಸಿದರೆ “ಇದು ಕುಂಕುಮ ಇಟ್ಕಂಡ ಮುಖ” ಎಂದು ಒಂದೇ ಸಲಕ್ಕೆ ಹಿಡಿದರು. ಆದರೆ ‘ಪ’ಕ್ಕೂ ‘ಷ’ಕ್ಕೂ ಹದಿನೈದು ದಿನ ಜಗಳವಾಯಿತು. ಒತ್ತಕ್ಷರ ಬಂದಾಗ, “ಇದ್ಯಾಕೆ ಇನ್ನೊಂದರ ಕಾಲಿಗೆ ಬಿದ್ದೈತೆ? ಅದು ಸೊಸೆ ಅಕ್ಷರವಾ?” ಎಂದು ಕೇಳಿದರು. “ಹೌದು, ಅತ್ತೆ ಅಕ್ಷರ ಮೇಲೆ ಕೂತಿದೆ” ಎಂದೆ. ಮೊದಲ ಸಲ ಇಬ್ಬರೂ ಒಟ್ಟಿಗೆ ನಕ್ಕೆವು. ನಾನು “ತಿದ್ದಿ, ಇನ್ನೂ ತಿದ್ದಿ, ಕೈ ನೋಯುತ್ತಾ? ನೋಯಲಿ” ಎಂದು ಗದರಿಸುತ್ತಿದ್ದೆ. ಅವರು ತುಟಿ ಕಚ್ಚಿಕೊಂಡು ತಿದ್ದುತ್ತಿದ್ದರು. ಆ ಹಟ ನೋಡಿ ನಾಲ್ಕೈದು ವಾರಕ್ಕೆ ನನ್ನ ಸಿಟ್ಟು ತಾನಾಗಿ ಇಳಿದುಹೋಯಿತು. ಯಾವತ್ತು ಇಳಿಯಿತೋ ಗೊತ್ತಾಗಲಿಲ್ಲ.

ಅಕ್ಷರ ಕೂಡಿಸಲು ಬಂದ ಮೇಲೆ ಅವರನ್ನು ಹಿಡಿಯುವುದೇ ಕಷ್ಟವಾಯಿತು. ಗೋಣಿಚೀಲದ ಮೇಲಿನ ಮಸಿ, ಕಡ್ಡಿಪೆಟ್ಟಿಗೆ, ಅಂಗಡಿಯ ಹಲಗೆ, ಯಾವುದನ್ನೂ ಬಿಡಲಿಲ್ಲ. ತಮ್ಮ ತಂಗಿಯನ್ನು ರೈಲಿಗೆ ಹತ್ತಿಸಲು ಹೋದಾಗ ಪ್ಲಾಟ್‌ಫಾರಂ ತುದಿಯ ಬೋರ್ಡಿನ ಕೆಳಗೆ ನಿಂತು, ತಲೆ ಎತ್ತಿ, ಒಂದೊಂದೇ ಅಕ್ಷರ ಕೂಡಿಸಿ ‘ಅರಸೀಕೆರೆ’ ಎಂದು ಓದಿದರು. ಆಮೇಲೆ ನನ್ನ ಕಡೆ ತಿರುಗಿ, “ಸರಿಯಾಗೇ ಐತೆ ಕಣೇ. ನಾನು ಅಂದ್ಕೊಂಡಿದ್ದ ಊರೇ ಇದು” ಅಂದರು. ಅವರು ಆ ಊರಿಗೆ ಬಂದು ಇಪ್ಪತ್ತೈದು ವರ್ಷವಾಗಿತ್ತು.

ಉಳಿದದ್ದು ಒಂದೇ ಹೆಸರು. ಓಟಿನ ಕೋಣೆಯಲ್ಲಿ ಅಳುಕು, ಅವಸರ, ಕತ್ತಲೆ ಮೂಲೆ. ಹತ್ತಾರು ಸಲ ಕಂಡು ರೂಢಿಯಾಗಿದ್ದರೆ ಮಾತ್ರ ಅಲ್ಲಿ ಕಣ್ಣು ಗುರುತು ಹಿಡಿಯುತ್ತದೆ. ಆದರೆ ಅಭ್ಯಾಸ ಮಾಡಿಸುವುದು ಹೇಗೆ? ಅವರು ಹೇಳುವ ಹಾಗಿಲ್ಲ, ನಾನು ಹೇಳುವ ಹಾಗಿಲ್ಲ. ಬರೆಯೋಣ ಎಂದರೆ ಸ್ಲೇಟಿನ ಮೇಲೆ ಬರೆದದ್ದನ್ನು ಆಮೇಲೆ ಒರೆಸಬೇಕಲ್ಲ! ಸತ್ತ ಮಾವನ ಹೆಸರನ್ನು ಒದ್ದೆ ಬಟ್ಟೆಯಿಂದ ಒರೆಸುವ ಸೊಸೆ ಎಲ್ಲಿದ್ದಾಳೆ? ಬಳಪ ಹಿಡಿದವಳು ಬಳಪ ಕೆಳಗಿಟ್ಟೆ. ಮೂರು ದಿನ ಶಾಲೆ ನಿಂತಿತು.

ನಾಲ್ಕನೆಯ ದಿನ ಹಿತ್ತಿಲಲ್ಲಿ ಅತ್ತೆ ಹುಣಿಸೆಹಣ್ಣು ಹಾಕಿ ಹಿತ್ತಾಳೆ ಬಿಂದಿಗೆ ತಿಕ್ಕುತ್ತಿದ್ದರು. ಅವರು ಮದುವೆಯಾದ ವರ್ಷ ಮಾವ ತಂದುಕೊಟ್ಟ ಬಿಂದಿಗೆ ಅದು. ಬಾವಿಗೆ ಅವರು ಬೇರೆ ಯಾವುದನ್ನೂ ಒಯ್ಯುತ್ತಿರಲಿಲ್ಲ. ಬಿಸಿಲು ಬಿದ್ದು ಅದರ ಕತ್ತು ಥಳಥಳ ಹೊಳೆಯುತ್ತಿತ್ತು. ಪಾತ್ರೆ ಅಂಗಡಿಯವರು ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆದುಕೊಡುತ್ತಾರಲ್ಲ, ಆ ಚುಕ್ಕಿಗಳು ಕತ್ತಿನ ಸುತ್ತ ಎದ್ದು ಕಂಡವು. ನಾನು ಎಷ್ಟೋ ಸಲ ನೋಡಿದ್ದೆ. ಅಂದೇ ನನಗೆ ಹೊಳೆದದ್ದು.

“ಅತ್ತೆಮ್ಮ, ಅದನ್ನ ತಿರುಗಿಸಿ. ಅಲ್ಲಿ ಏನಿದೆ ನೋಡಿ.”

“ಏನೈತೆ? ಹೂವಿನ ಬಳ್ಳಿ.”

“ಬಳ್ಳಿ ಅಲ್ಲ. ಓದಿ. ಬಾಯಲ್ಲಿ ಬೇಡ, ಕಣ್ಣಲ್ಲಿ ಓದಿ.”

ಅವರು ಹುಣಿಸೆ ರಸದ ಬೆರಳನ್ನು ಮೊದಲ ಚುಕ್ಕಿಯ ಮೇಲಿಟ್ಟರು. ತುಟಿ ಬಿಗಿಯಾಗಿ ಮುಚ್ಚಿತ್ತು. ಬೆರಳು ಒಂದು ಅಕ್ಷರ ದಾಟಿತು, ಇನ್ನೊಂದು ದಾಟಿತು, ಮೂರನೆಯದರ ಮೇಲೆ ನಿಂತಿತು. ಮತ್ತೆ ಮೊದಲಿಗೆ ಬಂತು. ಕೊನೆ ಮುಟ್ಟಿದಾಗ ಅವರು ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟರು.

“ಇಷ್ಟು ವರ್ಷ ಸೊಂಟದ ಮೇಲೆ ಇಟ್ಕಂಡು ತಿರುಗಿದ್ನಲ್ಲೇ” ಅಂದರು. ಮತ್ತೆ, “ಒಂದ್ ಮಾತು ಹೇಳ್ಲಿಲ್ಲ ನೋಡು ಆ ಮನುಷ್ಯ. ಹೂವಿನ ಬಳ್ಳಿ ಹಾಕ್ಸಿವ್ನಿ ಅಂದಿದ್ರು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರನ್ನು ಆವತ್ತು ನಾನು ಮೊದಲ ಸಲ ಪ್ರೀತಿಸಿದೆ.

ಅಲ್ಲಿಂದ ಮುಂದೆ ಅಭ್ಯಾಸಕ್ಕೆ ಕೊರತೆಯಾಗಲಿಲ್ಲ. ದಿನಕ್ಕೆ ನಾಲ್ಕು ಸಲ ಬಾವಿಗೆ, ನಾಲ್ಕು ಸಲವೂ ಪಾಠ. ಬಿಂದಿಗೆ ಅಷ್ಟು ಬೆಳಗಿದ್ದನ್ನು ನೋಡಿ ಬೀದಿಯವರು ನಮ್ಮ ಮನೆಯಲ್ಲಿ ಏನೋ ಮಂಗಳಕಾರ್ಯ ಇದೆ ಎಂದುಕೊಂಡರು.

ಚುನಾವಣೆ ಬಂತು. ಅದೇ ಇಬ್ಬರು, ಅದೇ ಶಾಲೆ, ಅದೇ ಜಮಖಾನ. ಅಧಿಕಾರಿ ಮಾತ್ರ ಬೇರೆ, ಕನ್ನಡಕದ ಒಬ್ಬರು ವಯಸ್ಸಾದವರು. ನಮ್ಮತ್ತೆ ಮೇಜಿನ ಮುಂದೆ ನಿಂತು ಕೈ ಚಾಚಿದರು. “ಚೀಟಿ ಕೊಡಿ ಸ್ವಾಮಿ. ನಾನೇ ಹಾಕ್ತೀನಿ.”

ಮಂಡಿಯ ಗುಮಾಸ್ತೆ ಎದ್ದು ನಿಂತ. ಮೂರು ವರ್ಷದ ಹಿಂದೆ ತಟ್ಟೆ ತಂದವನು. “ಇದು ಆಗೋದಿಲ್ಲ ಸಾರ್. ಹೋದ ಸಲ ಈಯಮ್ಮನ ಓಟು ಅಧಿಕಾರಿಗಳೇ ಹಾಕಿದ್ದು. ಓದು ಬಾರದವರು ಅಂತ ಬರೆದೈತೆ. ಹೆಸರು ಬಾಯಲ್ಲಿ ಹೇಳಲಿ.” ಹೇಳಲಾರರು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲ ಹೊರಗೆ ನಿಂತಿದ್ದ ನಾನು ಹೊಸ್ತಿಲವರೆಗೆ ಬಂದೆ.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. “ಓದು ಬರುತ್ತೇನಮ್ಮ? ಹಾಗಾದರೆ ಓದಿ ತೋರಿಸಿ.” ಮೇಜಿನ ಮೇಲೆ ಇದ್ದದ್ದು ಉಮೇದುವಾರರ ಹೆಸರಿನ ಪಟ್ಟಿ. ಅದನ್ನೇ ಅತ್ತೆಯ ಕಡೆ ತಿರುಗಿಸಿಟ್ಟರು.

ಅಯ್ಯೋ ದೇವರೇ ಎಂದುಕೊಂಡೆ. ಏಳು ತಿಂಗಳು ತಪ್ಪಿಸಿಕೊಂಡು ಬಂದ ಹಳ್ಳಕ್ಕೇ ಮತ್ತೆ ತಂದು ನಿಲ್ಲಿಸಿದ್ದರು.

ನಮ್ಮತ್ತೆ ಬಗ್ಗಿದರು. ಬೆರಳಿಟ್ಟು ಮೊದಲ ಹೆಸರನ್ನು ಒಂದೊಂದೇ ಅಕ್ಷರವಾಗಿ ಕೂಡಿಸಿ, ಗಟ್ಟಿಯಾಗಿ, ಬಾವಿಕಟ್ಟೆಯ ದನಿಯಲ್ಲಿ ಓದಿದರು. ಮಂಡಿ ಯಜಮಾನರ ಹೆಸರು. ಹಿಂದೆ ‘ಶ್ರೀ’ ಇಲ್ಲ, ಮುಂದೆ ‘ನವರು’ ಇಲ್ಲ, ತೊಟ್ಟಿಲಲ್ಲಿ ಅವರಿಗೆ ಇಟ್ಟ ಹೆಸರಷ್ಟೇ. ಅರಸೀಕೆರೆಯಲ್ಲಿ ಎಷ್ಟು ವರ್ಷದಿಂದ ಯಾರೂ ಆ ಹೆಸರನ್ನು ಹಾಗೆ ಕರೆದಿರಲಿಲ್ಲವೋ! ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗುಮಾಸ್ತೆಯ ಮುಖ ಕಪ್ಪಾಯಿತು.

ಬೆರಳು ಎರಡನೆಯ ಹೆಸರಿಗೆ ಇಳಿಯಿತು. ಅದರ ಮೇಲೆ ನಿಧಾನವಾಗಿ, ಬಿಂದಿಗೆಯ ಕತ್ತಿನ ಮೇಲೆ ಸರಿಯುವ ಹಾಗೆ, ಮೊದಲಿನಿಂದ ಕೊನೆಯವರೆಗೆ ಸರಿಯಿತು. ಅತ್ತೆ ನೆಟ್ಟಗೆ ನಿಂತರು.

“ಓದಿ” ಎಂದರು ಅಧಿಕಾರಿ.

“ಇದನ್ನ ಓದಾಕಿಲ್ಲ.”

“ನೋಡಿ ಸಾರ್, ಬರೋದಿಲ್ಲ!” ಗುಮಾಸ್ತೆ ಕೂಗಿದ.

“ಬತ್ತದೆ” ಎಂದರು ನಮ್ಮತ್ತೆ ಅವನ ಕಡೆ ನೋಡದೆ. “ಬತ್ತದೆ ಅಂತಲೇ ಓದಾಕಿಲ್ಲ. ಬರದೆ ಇದ್ದಿದ್ರೆ ಏನೋ ಒಂದು ಓದಿಬಿಡ್ತಿದ್ದೆ.”

ಅಧಿಕಾರಿಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಮುದುಕ ಜವಾನ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದ. ಅಧಿಕಾರಿ ಕನ್ನಡಕ ತೆಗೆದು, ನಮ್ಮತ್ತೆಯನ್ನು ನೋಡಿ, ಮತ್ತೆ ಹಾಕಿಕೊಂಡರು. ಅವರ ಮನೆಯಲ್ಲಿಯೂ ಅವರ ಹೆಸರು ಹೇಳದ ಒಬ್ಬರು ಇದ್ದಿರಬೇಕು. “ಯಾವುದನ್ನು ಓದಬಾರದು ಅಂತ ಗೊತ್ತಾಗಬೇಕಾದರೆ ಮೊದಲು ಓದಿಕೊಂಡಿರಲೇಬೇಕಲ್ಲ. ಇದಕ್ಕಿಂತ ಬೇರೆ ಪರೀಕ್ಷೆ ಬೇಡ” ಎಂದು ಚೀಟಿಯನ್ನೂ ಪೆನ್ಸಿಲನ್ನೂ ಕೊಟ್ಟರು.

ಜಮಖಾನದ ಹಿಂದೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಗುಮಾಸ್ತೆ ಕೆಮ್ಮಿದ. “ತಡಿಯಪ್ಪ, ನಾನು ಮೂರು ವರ್ಷ ತಡೆದಿವ್ನಿ” ಎಂದು ಒಳಗಿಂದ ದನಿ ಬಂತು. ಕೊನೆಗೆ ಬಂದು, ಚೀಟಿಯನ್ನು ಪೆಟ್ಟಿಗೆಯ ಬಾಯಿಗೆ ಹಾಕಿ, ಅದು ಪೂರ್ತಿ ಒಳಗೆ ಬಿದ್ದ ಮೇಲೂ ಒಂದು ಸಲ ಪೆಟ್ಟಿಗೆಯನ್ನು ತಟ್ಟಿ ನೋಡಿದರು. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಬಾಗಿಲ ಹತ್ತಿರ ಗೋಡೆಗೆ ಒಂದು ಕಾಗದ ಅಂಟಿಸಿತ್ತು. ಹೊಸದಾಗಿ ಓದು ಕಲಿತವರು ಗೋಡೆಯನ್ನು ಬಿಡುತ್ತಾರೆಯೇ? ನಿಂತು ಓದಿದರು. “ಓಟುದಾರರನ್ನು… ಯಾರೂ… ಒತ್ತಾಯಪಡಿಸಕೂಡದು.” ಗುಮಾಸ್ತೆಯ ಕಡೆ ತಿರುಗಿ, “ಇದು ನಿಂಗೂ ಓದಕ್ಕೆ ಬತ್ತದೇನಪ್ಪಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ಬಂದರು. ಆ ಸಾಲಿನಲ್ಲಿದ್ದ ಮುದುಕಿಯರು ಗಂಡುಮಕ್ಕಳ ಶಾಲೆಯ ಹೆಂಚು ಹಾರಿಹೋಗುವ ಹಾಗೆ ನಕ್ಕರು. ನಾನು ರಸ್ತೆಯಲ್ಲಿಯೇ ಅತ್ತೆಯ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಸೋಡಾದವನು ಗೆದ್ದ. ಎಷ್ಟು ಓಟಿನಿಂದ ಎಂದು ಈ ಸಲವೂ ಅತ್ತೆ ಕೇಳಲಿಲ್ಲ. ತಮ್ಮದೊಂದರಿಂದಲೇ ಎಂದು ಗೊತ್ತಿತ್ತು. ಮಾರನೆಯ ಬೆಳಗ್ಗೆ ಮೈದುನನನ್ನು ಕರೆದು, ಅವನ ಕೈಗೆ ಒಂದು ತಟ್ಟೆ ಕೊಟ್ಟರು. ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ. “ಮಂಡಿಗೆ ಕೊಟ್ಟು ಬಾ. ನಮ್ಮ ಓಟು ಮನೆಗೆ ಬಂತು, ನಿಮ್ಮ ತಾಂಬೂಲ ನೀವು ಇಟ್ಕಳಿ ಅಂತ ಹೇಳು. ಬೀದಿಗೆ ಕೇಳಂಗೆ ಹೇಳು.” ನಮ್ಮ ಯಜಮಾನರು ಜಗುಲಿಯ ಮೇಲೆ ಪತ್ರಿಕೆ ಹಿಡಿದು ಕೂತಿದ್ದವರು ಬಾಯಿ ತೆರೆದುಕೊಂಡು ನೋಡಿದರು. ಆವತ್ತು ಭಾಷಣ ಇರಲಿಲ್ಲ.

ಕಥೆ ಇಲ್ಲಿಗೆ ಮುಗಿದರೆ ಪ್ರಜೆಯ ಕರ್ತವ್ಯ ಒಂದೇ ದಿನದ್ದಾಗುತ್ತಿತ್ತು. ಸೋಡಾದವನು ಗೆದ್ದ ಮೇಲೆ ಕರಿಕೋಟು ಹೊಲಿಸಿದ, ಟೋಪಿ ಕೊಂಡ, ಹಿತ್ತಿಲಲ್ಲಿ ಸ್ವಂತ ಬಾವಿ ತೋಡಿಸಿದ, ನಲ್ಲಿ ಮರೆತ. ‘ಮೀಟಿಂಗಿನಲ್ಲಿ ಮಾತಾಡ್ತಾ ಇದೀವಿ’ ಎಂದು ಹೇಳಿಕೊಂಡು ತಿರುಗಿದ. ಎರಡು ತಿಂಗಳು ಸಹಿಸಿದ ನಮ್ಮತ್ತೆ ಮೂರನೆಯ ತಿಂಗಳು ಬಾವಿಗೆ ಹೋಗುವುದನ್ನು ಬಿಟ್ಟರು. ದಿನ ಬೆಳಗ್ಗೆ ನನ್ನನ್ನೂ ಕರೆದುಕೊಂಡು, ಬಿಂದಿಗೆ ಎತ್ತಿಕೊಂಡು, ನೇರ ಅವನ ಮನೆಗೇ ಹೋಗಿ ಅವನ ಹಿತ್ತಿಲ ಬಾವಿಯಿಂದ ಸೇದಿಕೊಂಡು ಬರತೊಡಗಿದರು. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುವ ಹಾಗಿಲ್ಲವಲ್ಲ, ಅದಕ್ಕೆ “ನನ್ನ ಓಟು ಎದ್ದೈತಾ?” ಎಂದು ಕೂಗುತ್ತಿದ್ದರು. ಅವರನ್ನು ನೋಡಿ ಬೀದಿಯ ಉಳಿದ ಹೆಂಗಸರೂ ಬಿಂದಿಗೆ ಹಿಡಿದು ಬಂದರು. ಅವನ ಬಾವಿ ತಳ ಕಂಡಿತು, ಸೋಡಾ ನಿಂತಿತು, ಅವನ ಹೆಂಡತಿ ಅವನಿಗೆ ಊಟ ಬಡಿಸುವಾಗ ಏನು ಹೇಳುತ್ತಿದ್ದಳೋ ದೇವರಿಗೇ ಗೊತ್ತು.

“ಪಾಪ, ಅವನೂ ನಮ್ಮವನೇ ಅಲ್ಲವಾ ಅತ್ತೆಮ್ಮ” ಎಂದೆ ಒಂದು ದಿನ.

“ಓಟು ಕೊಡೋದು ಅಂದ್ರೆ ಹೆಣ್ಣು ಕೊಟ್ಟಂಗೆ ಕಣೇ” ಅಂದರು. “ಕೊಟ್ಟು ಮನೇಲಿ ಕುಂತ್ರೆ ಆಗಲ್ಲ. ಹೋಗಿ ಹೋಗಿ ನೋಡ್ಕಂಡು ಬತ್ತಿರಬೇಕು.”

ಮುಂದಿನ ತಿಂಗಳು ನಮ್ಮ ಬೀದಿಯಲ್ಲಿ ಅಗೆತ ಶುರುವಾಯಿತು.

ನಲ್ಲಿ ಬಿಡುವ ದಿನ ಬೀದಿಯೆಲ್ಲ ಸೇರಿತ್ತು. ಸೋಡಾದವನು ಕರಿಕೋಟು ಹಾಕಿಕೊಂಡು ಬಂದು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡ. “ಆಮೇಲೆ ಮಾತಾಡೀವಂತೆ, ಮೊದ್ಲು ತಿರುಗಿಸಪ್ಪ” ಎಂದರು ನಮ್ಮತ್ತೆ. ಅವನು ತಿರುಗಿಸಿದ. ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ಒಂದೇ ಸಮನೆ ದಪ್ಪನೆಯ ನೀರು. ಮೊದಲ ಬಿಂದಿಗೆ ಯಾರದೆಂದು ಯಾರೂ ಕೇಳಲಿಲ್ಲ. ಅತ್ತೆ ಹಿತ್ತಾಳೆ ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟು ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

ಖಾಲಿ ಬಿಂದಿಗೆಗೆ ನೀರು ಬೀಳುವ ಸದ್ದು ಬೀದಿಯನ್ನು ತುಂಬಿತ್ತು. ಜನ ಮಾತಾಡುತ್ತಿದ್ದರು, ಮಕ್ಕಳು ಕೂಗುತ್ತಿದ್ದರು. ನಾನು ಅತ್ತೆಯ ಬೆನ್ನಿಗೆ ಅಂಟಿ ನಿಂತಿದ್ದೆ. ಅವರ ಬೆರಳು ಬಿಂದಿಗೆಯ ಕತ್ತಿನ ಮೇಲೆ ಹೋಯಿತು, ಮೊದಲ ಚುಕ್ಕಿಯಿಂದ ಹೊರಟಿತು. ಅವರ ತುಟಿ ಈ ಸಲ ಮುಚ್ಚಿರಲಿಲ್ಲ. ಆ ಸದ್ದಿನ ಒಳಗೆ ಅವರು ಆ ಹೆಸರನ್ನು, ಮೊದಲಿನಿಂದ ಕೊನೆಯವರೆಗೆ, ಬಾಯಿಬಿಟ್ಟು ಓದಿದರು.

ಬೇರೆ ಯಾರಿಗೂ ಕೇಳಲಿಲ್ಲ. ನನಗೆ ಕೇಳಿತು.

ಬಿಂದಿಗೆ ತುಂಬಿ ಹೊರಚೆಲ್ಲಿತು. ಅತ್ತೆ ಎದ್ದು ನಿಂತು ನನ್ನ ಮುಖ ನೋಡಿದರು. ನನಗೆ ಕೇಳಿದೆ ಎಂದು ಅವರಿಗೆ ತಿಳಿಯಿತು.

“ಏನು ಹಂಗೆ ನಿಂತೆ, ಶಿಲಾಬಾಲಿಕೆ ಥರ?” ಅಂದರು. “ಎತ್ಕೊ ಬಿಂದಿಗೇನ. ಭಾರ ಐತೆ, ಹುಷಾರು.”

ಅಷ್ಟು ವರ್ಷದಲ್ಲಿ ಅವರು ಆ ಬಿಂದಿಗೆಯನ್ನು ನನ್ನ ಕೈಗೆ ಕೊಟ್ಟದ್ದು ಅದೇ ಮೊದಲು. ನಾನು ಸೊಂಟಕ್ಕೇರಿಸಿಕೊಂಡು, ಒಂದು ಹನಿ ತುಳುಕಿಸದೆ, ಮನೆಯವರೆಗೆ ಹೊತ್ತು ತಂದೆ.